ರಾತ್ರಿ ಅತ್ತವಳು ಯಾರು?

ನಮ್ಮ ಶಿರಸಿಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಕರೆಂಟು ಹೋಗುವುದಕ್ಕೆ ಬೇರೆ ಕಾರಣ ಬೇಕಾಗಿಲ್ಲ. ಎಲ್ಲೋ ಒಂದು ಮರ ತಂತಿಯ ಮೇಲೆ ಒರಗುತ್ತದೆ, ಇಡೀ ಊರು ಕತ್ತಲೆ. ಅಂಥದೇ ಒಂದು ಸಂಜೆ, ಬೆಂಗಳೂರಿನಿಂದ ಬಂದಿದ್ದ ನನ್ನ ತಂಗಿಯ ಮಗ ಚಡಪಡಿಸುತ್ತ ಕೂತಿದ್ದ. ಟೀವಿ ಇಲ್ಲ, ಫ್ಯಾನಿಲ್ಲ, ಓದಲು ಬೆಳಕಿಲ್ಲ. ಕೊನೆಗೆ ತನ್ನ ಮೊಬೈಲನ್ನು ಮೇಜಿನ ಮೇಲೆ ಒಂದು ಸ್ಟೀಲಿನ ಲೋಟದೊಳಗೆ ನಿಲ್ಲಿಸಿ, "ದೊಡ್ಡಮ್ಮಾ, ಇದನ್ನು ಕೇಳು. ನೀನು ಇಂಗ್ಲಿಷ್ ಟೀಚರು, ನಿನಗೆ ಅರ್ಥ ಆಗುತ್ತದೆ" ಎಂದ. ಲೋಟದೊಳಗಿಂದ ಗಾಳಿ ಬೀಸತೊಡಗಿತು, ಕುದುರೆಯ ಗೊರಸು ಕೇಳಿಸಿತು. ಹಳೆಯ ಕಾಲದ ರೇಡಿಯೋ ನಾಟಕಗಳಲ್ಲಿ ಈ ಗೊರಸಿನ ಸದ್ದನ್ನು ತೆಂಗಿನ ಗರಟೆಯಿಂದ ಮಾಡುತ್ತಿದ್ದರಂತೆ. ಅಡುಗೆಮನೆಯ ಗರಟೆಗೆ ಇಂಥ ಭಾಗ್ಯವೂ ಉಂಟಲ್ಲ ಎಂದುಕೊಂಡು ನಾನೂ ಕಾಲು ಮಡಚಿ ಕೂತೆ.

ಅದು ಷರ್ಲಾಕ್ ಹೋಮ್ಸನ ಕಥೆ. ‘ದ ಹೌಂಡ್ ಆಫ್ ದ ಬಾಸ್ಕರ್‌ವಿಲ್ಸ್’, ಎಂದರೆ ಬಾಸ್ಕರ್‌ವಿಲ್ ಮನೆತನದ ಬೇಟೆನಾಯಿ. ಆರ್ಥರ್ ಕಾನನ್ ಡಾಯ್ಲ್ ಇದನ್ನು ೧೯೦೧ರ ಆಗಸ್ಟಿನಿಂದ ೧೯೦೨ರ ಏಪ್ರಿಲ್‌ವರೆಗೆ ‘ಸ್ಟ್ರ್ಯಾಂಡ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದರು. ವಿಕ್ಟೋರಿಯಾ ರಾಣಿ ತೀರಿಕೊಂಡು ಕೆಲವೇ ತಿಂಗಳಾಗಿತ್ತು, ಕಥೆ ಮಾತ್ರ ಅವಳ ಕಾಲದ್ದೇ. ನಾವು ಕೇಳಿದ್ದು ಬಿಬಿಸಿ ರೇಡಿಯೋದವರು ೧೯೯೮ರಲ್ಲಿ ಮಾಡಿದ ನಾಟಕ. ರೂಪಾಂತರ ಬರ್ಟ್ ಕೌಲ್ಸ್ ಎಂಬವರದು. ಹೋಮ್ಸ್ ಆಗಿ ಕ್ಲೈವ್ ಮೆರಿಸನ್, ಡಾಕ್ಟರ್ ವಾಟ್ಸನ್ ಆಗಿ ಮೈಕೆಲ್ ವಿಲಿಯಮ್ಸ್. ಹೋಮ್ಸನ ನಾಲ್ಕು ಕಾದಂಬರಿ, ಐವತ್ತಾರು ಸಣ್ಣಕಥೆ, ಒಂದನ್ನೂ ಬಿಡದೆ ಈ ಇಬ್ಬರೇ ಹತ್ತು ವರ್ಷಗಳಲ್ಲಿ ರೇಡಿಯೋದಲ್ಲಿ ಆಡಿ ಮುಗಿಸಿದ್ದಾರೆ. ಮೆರಿಸನ್ನರ ದನಿ ಚೂರಿಯ ಹಾಗೆ ಚೂಪು, ಸದಾ ಅವಸರ. ವಿಲಿಯಮ್ಸರದು ಊಟಕ್ಕೆ ಕರೆಯುವ ಮನೆಯ ಯಜಮಾನನ ದನಿ. ಈ ಕಥೆಯ ನಡುಭಾಗದಲ್ಲಿ ಹೋಮ್ಸ್ ಇರುವುದೇ ಇಲ್ಲವಾದ್ದರಿಂದ ನಾವು ಬಹಳ ಹೊತ್ತು ವಾಟ್ಸನ್ನನ ಆ ಬೆಚ್ಚಗಿನ ದನಿಯ ಜೊತೆಗೇ ಕತ್ತಲಲ್ಲಿ ನಡೆಯಬೇಕಾಗುತ್ತದೆ.

ಪತ್ತೇದಾರಿ ನನಗೆ ಹೊಸದಲ್ಲ. ಸಿದ್ದಾಪುರದ ತವರುಮನೆಯಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಸಮಾಜಶಾಸ್ತ್ರದ ಪುಸ್ತಕದೊಳಗಿಟ್ಟು ಓದಿ ಅಪ್ಪಯ್ಯನ ಕೈಯಲ್ಲಿ ಸಿಕ್ಕಿಬಿದ್ದವಳು ನಾನು. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಆ ಪುಣ್ಯಾತ್ಮರು ಕನ್ನಡದ ಎಷ್ಟು ಜನಕ್ಕೆ ಓದುವ ರುಚಿ ಹತ್ತಿಸಿದರೋ! ಹೆಣ್ಣುಮಕ್ಕಳಿಗೆ ತ್ರಿವೇಣಿ, ಎಂ.ಕೆ. ಇಂದಿರಾ, ಗಂಡುಹುಡುಗರಿಗೆ ಪತ್ತೇದಾರಿ ಎಂದು ಲೈಬ್ರರಿಯಲ್ಲಿ ಯಾರೋ ಹಂಚಿಟ್ಟಿದ್ದರು. ನಾನು ಎರಡೂ ಕಡೆಯಿಂದ ಕದಿಯುತ್ತಿದ್ದೆ.

ಇನ್ನು ಕಿವಿಯಿಂದ ನಾಟಕ ನೋಡುವುದೂ ನಮ್ಮ ಕಡೆಯವರಿಗೆ ಹೊಸದಲ್ಲ. ಧಾರವಾಡ ಆಕಾಶವಾಣಿ ಶುರುವಾದದ್ದು ೧೯೫೦ರಲ್ಲಿ. ಅದಕ್ಕೂ ಎಷ್ಟೋ ಹಿಂದಿನಿಂದ ನಮ್ಮಲ್ಲಿ ತಾಳಮದ್ದಳೆ ಇತ್ತು. ಮಳೆಗಾಲದಲ್ಲಿ ಬಯಲಾಟವಿಲ್ಲ, ತೋಟದ ಕೆಲಸವೂ ಕಡಿಮೆ. ಯಾರದೋ ಮನೆಯ ಜಗಲಿಯಲ್ಲಿ ಭಾಗವತರು ತಾಳ ಹಿಡಿದು ಕೂತರೆ, ಎದುರಿಗೆ ಪಂಚೆ ಶಾಲಿನಲ್ಲಿ ಕೂತ ಅರ್ಥಧಾರಿಯೇ ರಾವಣ. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇಂದಿಗೂ ಅದರ ಮಾತಾಡುತ್ತಾರೆ. ಎದೆಗೆ ಬಾಣ ನೆಟ್ಟು ಬಿದ್ದ ವಾಲಿ ರಾಮನನ್ನು ಗಂಟೆಗಟ್ಟಲೆ ಪ್ರಶ್ನಿಸುತ್ತಾನೆ. ಸಾಯುವವನಿಗೂ ಹೇಳುವುದಿದೆ, ಅವನ ಹೆಂಡತಿ ತಾರೆಗೂ ಹೇಳುವುದಿದೆ. ಯಾರಿಗೂ ಅವಸರವಿಲ್ಲ. ನಾನು ಈ ಇಂಗ್ಲಿಷ್ ನಾಟಕವನ್ನು ಕೇಳಿದ್ದು ಆ ಕಿವಿಯಿಂದಲೇ. ನನ್ನ ತಕರಾರು ಹುಟ್ಟಿದ್ದೂ ಅಲ್ಲಿಂದಲೇ.

ಕಥೆ ನಡೆಯುವುದು ಇಂಗ್ಲೆಂಡಿನ ಡೆವನ್ ಸೀಮೆಯ ಡಾರ್ಟ್‌ಮೂರ್‌ನಲ್ಲಿ. ಮರವಿಲ್ಲದ ಬೋಳುಗುಡ್ಡ, ಕಾಲಿಟ್ಟರೆ ಒಳಗೆಳೆಯುವ ಕೆಸರು, ಮಂಜು. ನಡುವೆ ಪ್ರಿನ್ಸ್‌ಟೌನ್ ಎಂಬ ಊರಿನಲ್ಲಿ ದೊಡ್ಡ ಜೈಲು. ಈ ಜೈಲು ಡಾಯ್ಲರ ಕಲ್ಪನೆಯಲ್ಲ. ನೆಪೋಲಿಯನ್ನನ ಯುದ್ಧಕಾಲದಲ್ಲಿ, ೧೮೦೬ರಿಂದ ೧೮೦೯ರೊಳಗೆ, ಸೆರೆಸಿಕ್ಕ ಫ್ರೆಂಚರನ್ನಿಡಲು ಕಟ್ಟಿದ್ದು. ೧೮೫೦ರಿಂದ ಅಪರಾಧಿಗಳ ಜೈಲಾಯಿತು. ಡಾಯ್ಲರು ೧೯೦೧ರಲ್ಲಿ ಅದೇ ಊರಿನ ಹೋಟೆಲಿನಲ್ಲಿ ಉಳಿದು ಆ ಗುಡ್ಡವನ್ನೆಲ್ಲ ತಿರುಗಿದ್ದರು.

ವಾಟ್ಸನ್ ಮತ್ತು ಬಾಸ್ಕರ್‌ವಿಲ್ ಆಸ್ತಿಯ ಹೊಸ ವಾರಸುದಾರ ಸರ್ ಹೆನ್ರಿ ಆ ಸೀಮೆಗೆ ಕಾಲಿಟ್ಟ ದಿನವೇ ದಾರಿಯಲ್ಲಿ ಬಂದೂಕಿನ ಪಹರೆ ಕಾಣುತ್ತದೆ. ಸೆಲ್ಡನ್ ಎಂಬ ಕೊಲೆಗಾರ ಮೂರು ದಿನದ ಹಿಂದೆ ಜೈಲಿನಿಂದ ತಪ್ಪಿಸಿಕೊಂಡಿದ್ದಾನೆ. ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಅವನು ಮಾಡಿದ ಕೊಲೆ ಎಷ್ಟು ಕ್ರೂರವಾಗಿತ್ತೆಂದರೆ, ಇವನಿಗೆ ಬುದ್ಧಿ ನೆಟ್ಟಗಿದೆಯೇ ಎಂಬ ಅನುಮಾನದ ಮೇಲೆಯೇ ಗಲ್ಲು ತಪ್ಪಿತ್ತು. ಸುಳಿವು ಕೊಟ್ಟವರಿಗೆ ಐದು ಪೌಂಡು ಇನಾಮು. ಕುತ್ತಿಗೆ ಕುಯ್ಯಿಸಿಕೊಳ್ಳುವ ಭಯದ ಮುಂದೆ ಐದು ಪೌಂಡು ಯಾವ ಲೆಕ್ಕ ಎಂದು ಗಾಡಿಯವನು ಗೊಣಗುತ್ತಾನೆ.

ಆ ರಾತ್ರಿ ದೊಡ್ಡ ಮನೆಯ ಮೌನದಲ್ಲಿ ವಾಟ್ಸನ್ನನಿಗೆ ಒಂದು ಹೆಂಗಸಿನ ಬಿಕ್ಕಳಿಕೆ ಕೇಳಿಸುತ್ತದೆ. ಬಾಯಿ ಮುಚ್ಚಿಕೊಂಡು, ತಡೆಯಲಾರದೆ ಅಳುವ ಅಳು. ಇದು ಹುಟ್ಟಾ ಕಿವಿಯ ದೃಶ್ಯ. ಸಿನಿಮಾದಲ್ಲಾದರೆ ಕ್ಯಾಮರಾ ಯಾವುದೋ ಬಾಗಿಲನ್ನೋ ಮೆಟ್ಟಿಲನ್ನೋ ತೋರಿಸಲೇಬೇಕು. ಇಲ್ಲಿ ತೋರಿಸುವುದಕ್ಕೆ ಏನೂ ಇಲ್ಲ, ಕೇಳುವವರೂ ವಾಟ್ಸನ್ನನ ಹಾಗೆ ಕತ್ತಲಲ್ಲಿ ಕಿವಿ ನಿಮಿರಿಸಬೇಕು. ಹೊರಗೆ ನಮ್ಮ ಮಾಡಿನಿಂದ ನೀರು ಸುರಿಯುತ್ತಿತ್ತು. ಒಳಗೆ ಮಲಗಿದ್ದ ನನ್ನ ಅತ್ತೆ, ಎಂಬತ್ತು ದಾಟಿದವರು, ಇಂಗ್ಲಿಷಿನ ಒಂದಕ್ಷರ ತಿಳಿಯದವರು, ಆ ಅಳುವಿಗೆ ಎದ್ದುಬಂದು ಬಾಗಿಲಲ್ಲಿ ನಿಂತರು. ಅಳುವಿಗೆ ಭಾಷೆ ಬೇಡವಲ್ಲ! ಅಂದಿನಿಂದ ಅವರಿಗೂ ಕಥೆ ಹೇಳುವ ಕೆಲಸ ನನ್ನದಾಯಿತು.

ಬೆಳಗಾದಾಗ ಮನೆಯ ಬಟ್ಲರ್ ಬ್ಯಾರಿಮೋರ್, ಅತ್ತದ್ದು ತನ್ನ ಹೆಂಡತಿಯಲ್ಲ ಎನ್ನುತ್ತಾನೆ. ಆದರೆ ಬಿಸಿಲು ಬಿದ್ದ ಅವಳ ಮುಖದಲ್ಲಿ ಕಣ್ಣು ಕೆಂಪಾಗಿ ಊದಿಕೊಂಡಿರುವುದನ್ನು ವಾಟ್ಸನ್ ನೋಡುತ್ತಾನೆ. ದಪ್ಪ ಮೈಯ, ನಗುವರಿಯದ ಹೆಂಗಸು ಎಲಿಜಾ. ಮುಂದೆ ಒಂದು ನಡುರಾತ್ರಿ ಬ್ಯಾರಿಮೋರ್ ಮೋಂಬತ್ತಿ ಹಿಡಿದು ಕಿಟಕಿಗೆ ಬೆಳಕು ತೋರಿಸುವಾಗ ಸಿಕ್ಕಿಬೀಳುತ್ತಾನೆ. ಗುಡ್ಡದ ಮೇಲಿಂದ ಇನ್ನೊಂದು ಬೆಳಕು ಅದಕ್ಕೆ ಉತ್ತರ ಕೊಡುತ್ತದೆ. ಅವನು ಬಾಯಿ ಬಿಡುವುದಿಲ್ಲ. ಯಜಮಾನ ಕೆಲಸದಿಂದ ಕಿತ್ತುಹಾಕುತ್ತೇನೆಂದಾಗ ಶಾಲು ಹೊದ್ದ ಎಲಿಜಾ ಓಡಿಬಂದು ನಿಜ ಹೇಳುತ್ತಾಳೆ. ಗುಡ್ಡದಲ್ಲಿ ಹಸಿದು ಕೂತಿರುವವನು ತನ್ನ ತಮ್ಮ. ಊಟ ಸಿದ್ಧವಾಗಿದೆ ಎಂಬುದಕ್ಕೆ ಈ ಬೆಳಕು ಗುರುತು, ಅವನಿರುವ ಜಾಗಕ್ಕೆ ಆ ಬೆಳಕು ಗುರುತು.

ಈ ದೃಶ್ಯದಲ್ಲಿ ನನಗೆ ನಮ್ಮ ಸಿದ್ದಾಪುರದ ಮನೆ ನೆನಪಾಯಿತು. ನಮ್ಮಲ್ಲಿ ಮನೆಗಳು ಒತ್ತಾಗಿಲ್ಲ, ತೋಟದ ಈಚೆ ಒಂದು, ಆಚೆ ಒಂದು. ರಾತ್ರಿ ಆಚೆಮನೆಯ ಲಾಟೀನು ಅಲ್ಲಾಡಿದರೆ ಆಕಳು ಈಯುತ್ತಿದೆಯೋ, ಯಾರಿಗಾದರೂ ಹುಷಾರಿಲ್ಲವೋ ಎಂದು ಆಯಿ ಎದ್ದು ಕೂರುತ್ತಿದ್ದಳು. ದೂರದ ಬೆಳಕಿನ ಅರ್ಥ ತಿಳಿದವರಿಗೆ ಎಲಿಜಾಳ ಮೋಂಬತ್ತಿ ಬರೀ ಒಗಟಾಗಲಾರದು.

ಅವಳು ತಮ್ಮನ ಬಗ್ಗೆ ಹೇಳುವ ಮಾತನ್ನು ಕೇಳಿ. ಚಿಕ್ಕಂದಿನಲ್ಲಿ ತಾವೆಲ್ಲ ಅವನನ್ನು ಅತಿಯಾಗಿ ಮುದ್ದು ಮಾಡಿದೆವು, ಬೇಕೆಂದದ್ದನ್ನೆಲ್ಲ ಕೊಟ್ಟೆವು, ಲೋಕವೇ ತನ್ನ ಸುಖಕ್ಕಾಗಿ ಇದೆ ಎಂದು ಅವನು ತಿಳಿದ. ಆಮೇಲೆ ಕೆಟ್ಟವರ ಸಹವಾಸ, ಪಾಪದ ಮೇಲೆ ಪಾಪ, ತಾಯಿಯ ಎದೆ ಒಡೆಯಿತು. ಆದರೂ ತನಗೆ ಅವನು ತಾನು ಎತ್ತಿ ಆಡಿಸಿದ ಗುಂಗುರು ಕೂದಲಿನ ಮಗುವೇ ಎನ್ನುತ್ತಾಳೆ. ಮೂವತ್ತು ವರ್ಷ ಪಾಠ ಮಾಡಿದ ನನಗೆ ಇದರಲ್ಲಿ ಸುಳ್ಳು ಕಾಣುವುದಿಲ್ಲ. ಕಾವಲಿಯಿಂದ ಎದ್ದ ಮೊದಲ ದೋಸೆ ಯಾರ ತಟ್ಟೆಗೆ ಹೋಗುತ್ತದೆ, ತಪ್ಪು ಮಾಡಿದಾಗ "ಅವನು ಗಂಡುಹುಡುಗ, ಬಿಡು" ಎಂದು ಯಾರಿಗೆ ರಿಯಾಯಿತಿ ಎಂಬುದು ನಿಮಗೂ ಗೊತ್ತು. ಆದರೆ ಲೆಕ್ಕ ಒಪ್ಪಿಸುವಾಗ ಮಾತ್ರ ನಿಲ್ಲುವವಳು ತಾಯಿ, ಇಲ್ಲವೇ ಅಕ್ಕ. ಸೆಲ್ಡನ್ನನಿಗೂ ಒಬ್ಬ ತಂದೆ ಇದ್ದಿರಬೇಕಲ್ಲ? ಅವನ ಮಾತೇ ಇಲ್ಲ. ನಮ್ಮ ಶಾಲೆಗಳಲ್ಲೂ ಅಷ್ಟೆ. ಮಗನ ಮೇಲೆ ದೂರು ಬಂದರೆ ಸೆರಗು ಹಿಂಡುತ್ತ ಬಂದು ನಿಲ್ಲುವವಳು ತಾಯಿಯೇ.

ಮುಂದೆ ಏನಾಗುತ್ತದೆ ನೋಡಿ. ಅವನನ್ನು ಹಡಗು ಹತ್ತಿಸಿ ದಕ್ಷಿಣ ಅಮೆರಿಕೆಗೆ ಕಳಿಸುವುದೆಂದು ಗಂಡ ಹೆಂಡತಿ ಯೋಚಿಸಿರುತ್ತಾರೆ. ಸರ್ ಹೆನ್ರಿ ತನ್ನ ಹಳೆಯ ಬಟ್ಟೆಗಳನ್ನು ಬ್ಯಾರಿಮೋರ್‌ಗೆ ಕೊಟ್ಟಿದ್ದ, ಬ್ಯಾರಿಮೋರ್ ಅವನ್ನು ಸೆಲ್ಡನ್ನನಿಗೆ ಕೊಟ್ಟ. ಸರ್ ಹೆನ್ರಿಯನ್ನು ಕೊಲ್ಲಲು ಬಿಟ್ಟ ಬೇಟೆನಾಯಿ ಬಟ್ಟೆಯ ವಾಸನೆ ಹಿಡಿದು ಸೆಲ್ಡನ್ನನನ್ನು ಅಟ್ಟಿಸಿಕೊಂಡು ಬರುತ್ತದೆ. ಅವನು ಬಂಡೆಯಿಂದ ಬಿದ್ದು ಕುತ್ತಿಗೆ ಮುರಿದು ಸಾಯುತ್ತಾನೆ. ಹೆಣದ ಮೇಲಿನ ಬಟ್ಟೆ ನೋಡಿ ಸತ್ತವನು ಸರ್ ಹೆನ್ರಿಯೇ ಎಂದು ಹೋಮ್ಸ್, ವಾಟ್ಸನ್ ಇಬ್ಬರೂ ಎದೆ ಬಡಿದುಕೊಳ್ಳುವಷ್ಟು ದುಃಖಪಡುತ್ತಾರೆ. ಮರುಕ್ಷಣ ಹೆಣದ ಗಡ್ಡ ಕಂಡು, ಇದು ಆ ಕೊಲೆಗಾರ ಎಂದು ತಿಳಿದಾಗ ಹೋಮ್ಸ್ ನಗುತ್ತಾನೆ, ಕುಣಿಯುತ್ತಾನೆ, ಗೆಳೆಯನ ಕೈ ಹಿಡಿದು ಕುಲುಕುತ್ತಾನೆ. ನನ್ನ ತಂಗಿಯ ಮಗನೂ "ಅಬ್ಬ!" ಎಂದು ಉಸಿರು ಬಿಟ್ಟ. ಸುಳ್ಳೇಕೆ ಹೇಳಲಿ, ನಾನೂ ಬಿಟ್ಟೆ.

ಡಾಯ್ಲರ ಕಥೆಯಲ್ಲಿ ಸೆಲ್ಡನ್ನನಿಗೆ ಮಾತಿಲ್ಲ. ಒಂದು ಬೈಗುಳ, ಬೀಸಿದ ಒಂದು ಕಲ್ಲು, ಸಾಯುವಾಗಿನ ಒಂದು ಕೂಗು, ಇಷ್ಟೇ ಅವನ ಪಾಲು. ಆದರೆ ಡಾಯ್ಲರು ಕಟುಕರಲ್ಲ. ಸಾವಿನ ಸುದ್ದಿ ತಿಳಿಸಿದಾಗ ಬ್ಯಾರಿಮೋರ್‌ಗೆ ಬಹುಶಃ ನಿರಾಳವಾಯಿತು, ಎಲಿಜಾ ಮಾತ್ರ ಏಪ್ರನ್‌ನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು ಎಂದು ವಾಟ್ಸನ್ನನಿಂದ ಹೇಳಿಸಿದ್ದಾರೆ. ತನಗಾಗಿ ಅಳಲು ಒಬ್ಬ ಹೆಂಗಸೂ ಇಲ್ಲದವನು ನಿಜಕ್ಕೂ ಕೆಟ್ಟವನಿರಬೇಕು ಎಂಬ ಅರ್ಥದ ಒಂದು ಮಾತೂ ಅಲ್ಲಿದೆ. ಅಷ್ಟಾದ ಮೇಲೆ ಕಥೆ ನಾಯಿಯ ಹಿಂದೆ ಓಡುತ್ತದೆ.

ಅತ್ತೆಗೆ ಇದನ್ನೆಲ್ಲ ಹೇಳಿ ಮುಗಿಸಿದೆ. ನಿಜವಾದ ಕೊಲೆಗಾರ ಸಿಕ್ಕಿದ್ದು, ನಾಯಿ ಸತ್ತದ್ದು, ಅದರ ಮೈಗೆ ಹೊಳೆಯುವ ರಂಜಕ ಬಳಿದದ್ದು, ಎಲ್ಲ. ಅವರು ಬಾಯಲ್ಲಿದ್ದ ಎಲೆಯಡಿಕೆ ಪಕ್ಕಕ್ಕೆ ಸರಿಸಿ, "ಆ ಅಕ್ಕಂಗೆ ಕಡಿಗೆ ಎಂತ ಆತೇ, ತಂಗೀ?" ಎಂದು ಕೇಳಿದರು. ಸತ್ತ ತಮ್ಮನನ್ನು ಸುಟ್ಟರೋ ಹೂಳಿದರೋ, ಅಕ್ಕನಿಗೆ ಮುಖವನ್ನಾದರೂ ತೋರಿಸಿದರೋ ಎಂದೂ ಕೇಳಿದರು.

ನನ್ನ ಹತ್ತಿರ ಉತ್ತರವಿರಲಿಲ್ಲ. ಮಾರನೆಯ ದಿನ ಮೂಲ ಪುಸ್ತಕ ತೆಗೆದು ಹುಡುಕಿದೆ. ಹೆಣದ ಮುಖಕ್ಕೊಂದು ಬಟ್ಟೆ ಮುಚ್ಚಿ, ಬೆಳಗಿನವರೆಗೆ ಗುಡ್ಡದಲ್ಲೇ ಬಿಟ್ಟು ಬರುತ್ತಾರೆ. ಬೆಳಗ್ಗೆ ಹೋಮ್ಸ್ ಪ್ರಿನ್ಸ್‌ಟೌನ್ ಜೈಲಿಗೆ ಒಂದು ವರದಿ ಕಳಿಸುತ್ತಾನೆ. ಅಲ್ಲಿಗೆ ಸೆಲ್ಡನ್ ಮುಗಿದ. ಯಾವ ಮಣ್ಣು, ಯಾವ ಪ್ರಾರ್ಥನೆ, ಅಕ್ಕ ಅಲ್ಲಿಗೆ ಹೋದಳೇ, ಒಂದಕ್ಷರವಿಲ್ಲ. ಕುದುರೆ ಹಿಡಿದು ಕಾಯುವ ಹುಡುಗನ ಲೆಕ್ಕವನ್ನೂ ತಪ್ಪಿಸದ ಪತ್ತೇದಾರನಿಗೆ ಇದು ಲೆಕ್ಕಕ್ಕೆ ಬರಲಿಲ್ಲ.

ನನ್ನ ತಕರಾರು ಇದೇ. ಕಥೆ ಆ ರಾತ್ರಿಯ ಅಳುವನ್ನು ಸುಳಿವಾಗಿ ಮಾತ್ರ ಕೇಳಿಸಿಕೊಳ್ಳುತ್ತದೆ. ಅತ್ತವಳು ಯಾರು ಎಂದು ತಿಳಿದೊಡನೆ ಅಳುವಿನ ಕೆಲಸ ಮುಗಿಯಿತು. ಅವಳು ಇನ್ನೂ ಅಳುತ್ತಿರಬಹುದೆಂಬುದು ಪತ್ತೇದಾರಿಕೆಗೆ ಸಂಬಂಧಿಸದ ವಿಷಯ. ನಮ್ಮ ಅರ್ಥಧಾರಿಯ ಕೈಗೆ ಎಲಿಜಾಳ ಪಾತ್ರ ಸಿಕ್ಕಿದ್ದರೆ ಒಂದು ಗಂಟೆಯ ಮೊದಲು ಅವಳು ಏಳುತ್ತಿರಲಿಲ್ಲ. ಮಹಾಭಾರತದಲ್ಲಿ ದುಶ್ಶಲೆ ಇದ್ದಾಳಲ್ಲ, ನೂರು ಜನ ಕೌರವರಿಗೆ ಒಬ್ಬಳೇ ತಂಗಿ. ಅಣ್ಣಂದಿರೂ ಗಂಡನೂ ಯುದ್ಧದಲ್ಲಿ ಸತ್ತು, ಅಶ್ವಮೇಧದ ಕುದುರೆಯ ಹಿಂದೆ ಅರ್ಜುನ ಸಿಂಧುದೇಶಕ್ಕೆ ಬಂದಾಗ, ಅವಳು ಮೊಮ್ಮಗನನ್ನು ಕರೆದುಕೊಂಡು ಅವನೆದುರು ನಿಲ್ಲುತ್ತಾಳೆ. ಅರ್ಜುನ ಬಿಲ್ಲು ಕೆಳಗಿಡುತ್ತಾನೆ. ಕೆಟ್ಟವರ ಮನೆಯ ಹೆಣ್ಣಿಗೂ ಯುದ್ಧ ಮುಗಿದ ಮೇಲೆ ಒಂದು ಬಾಳಿದೆ ಎಂಬುದನ್ನು ವ್ಯಾಸರು ಮರೆತಿರಲಿಲ್ಲ.

ತಂಗಿಯ ಮಗ ಒಪ್ಪಲಿಲ್ಲ. "ದೊಡ್ಡಮ್ಮಾ, ಕೊಂದವನ ಅಕ್ಕನಿಗೆ ಇಷ್ಟು ಮರುಗುತ್ತೀಯಲ್ಲ, ನಾಟಿಂಗ್ ಹಿಲ್‌ನಲ್ಲಿ ಸತ್ತವರಿಗೆ ಅಕ್ಕತಂಗಿಯರಿರಲಿಲ್ಲವೇ?" ಎಂದ. ಮಾತು ಸರಿ. ಕಥೆಯಲ್ಲಿ ಸತ್ತವರ ಹೆಸರೂ ಇಲ್ಲ. ೨೦೧೩ರ ಸೆಪ್ಟೆಂಬರ್ ನೆನಪಾಯಿತು. ಪತ್ರಿಕೆಗಳು ‘ಸೈಕೋ ಶಂಕರ್’ ಎಂದು ಕರೆಯುತ್ತಿದ್ದ ಜೈಶಂಕರ್ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನ ಗೋಡೆ ಹಾರಿ ತಪ್ಪಿಸಿಕೊಂಡಿದ್ದ. ೨೦೧೧ರಲ್ಲಿ ತಮಿಳುನಾಡಿನ ಪೊಲೀಸರ ಕೈಯಿಂದಲೂ ಹೀಗೇ ತಪ್ಪಿಸಿಕೊಂಡು ಕರ್ನಾಟಕಕ್ಕೆ ಬಂದು, ವಿಜಯಪುರ ಜಿಲ್ಲೆಯಲ್ಲಿ ಸಿಕ್ಕಿಬಿದ್ದವನು. ಒಂದು ವಾರದೊಳಗೆ ಬೆಂಗಳೂರಿನಲ್ಲೇ ಮತ್ತೆ ಸಿಕ್ಕಿದ, ೨೦೧೮ರಲ್ಲಿ ಅದೇ ಜೈಲಿನಲ್ಲಿ ಸತ್ತ. ಆ ವಾರ ನಾನೂರು ಕಿಲೋಮೀಟರ್ ದೂರದ ಶಿರಸಿಯಲ್ಲಿ ನಾವು ಹಿತ್ತಿಲ ಬಾಗಿಲಿಗೆ ಎರಡೆರಡು ಅಗುಳಿ ಹಾಕಿದ್ದೆವು. ಅವನು ಕೊಂದದ್ದು ಹೆಂಗಸರನ್ನು. ಆದರೆ ಸ್ಟಾಫ್‌ರೂಮಿನಲ್ಲಿ ನಾವು ಹೆಂಗಸರೇ ಮಾತಾಡಿಕೊಂಡದ್ದು ಅವನು ಗೋಡೆ ಹಾರಿದ ಬಗೆಯನ್ನು. ಸತ್ತ ಆ ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರೂ ನಮ್ಮ ಬಾಯಿಗೆ ಬರಲಿಲ್ಲ. ತಪ್ಪಿಸಿಕೊಂಡ ಕೊಲೆಗಾರನ ಕಥೆಗೆ ಈ ಗುಣವಿದೆ. ಅವನೊಬ್ಬನೇ ಎದ್ದು ಕಾಣುತ್ತಾನೆ. ಕೊಂದ ಕಡೆಯ ಮನೆ, ಸತ್ತ ಕಡೆಯ ಮನೆ, ಎರಡೂ ಕತ್ತಲಿಗೆ ಸರಿಯುತ್ತವೆ. ಎಲಿಜಾಳ ಅಳು ಕೇಳಬೇಕು ಎಂದರೆ ಇನ್ನೊಂದು ಮನೆಯ ಅಳುವಿಗೆ ಕಿವಿ ಮುಚ್ಚಬೇಕೆಂದಲ್ಲ. ಒಂದನ್ನು ಕೇಳಲು ಕಲಿತ ಕಿವಿಗೆ ಇನ್ನೊಂದೂ ಕೇಳೀತು.

ಇಷ್ಟೆಲ್ಲ ಡಾಯ್ಲರ ಮೇಲೆ ಹೊರಿಸಿ ನಾನು ಜಾರಿಕೊಳ್ಳುವಂತಿಲ್ಲ. ಯಲ್ಲಾಪುರದ ಕಡೆ ಕೆಲಸ ಮಾಡುತ್ತಿದ್ದಾಗ, ೧೯೯೭ರ ಮಳೆಗಾಲವಿರಬೇಕು, ಎಂಟನೆಯ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಅವಳ ಅಣ್ಣ ಒಂದು ಕೊಲೆ ಕೇಸಿನಲ್ಲಿ ಒಳಗೆ ಹೋಗಿದ್ದ. ಪೇಪರಿನಲ್ಲಿ ಬಂದ ದಿನದಿಂದ ಅವಳ ಬೆಂಚಿನಲ್ಲಿ ಇಬ್ಬರ ಜಾಗ ಖಾಲಿಯಾಯಿತು. ಒಂದು ದಿನ ಬಿಡುವಿನಲ್ಲಿ ಸ್ಟಾಫ್‌ರೂಮಿನ ಬಾಗಿಲಿಗೆ ಬಂದು, ನೀಲಿ ಇನ್‌ಲ್ಯಾಂಡ್ ಲೆಟರೊಂದನ್ನು ಚಾಚಿ, "ಟೀಚರ್, ಬೆಳಗಾವಿಯ ಹಿಂಡಲಗಾ ಜೈಲಿಗೆ ವಿಳಾಸ ಹೇಗೆ ಬರೆಯುವುದು?" ಎಂದು ಮೆಲ್ಲಗೆ ಕೇಳಿದಳು. ಒಳಗಿದ್ದವರೆಲ್ಲ ತಲೆ ಎತ್ತಿದರು. ನನಗೆ ನಾಚಿಕೆಯಾಯಿತೋ, ಭಯವಾಯಿತೋ. "ಪೋಸ್ಟಾಫೀಸಿನಲ್ಲಿ ಕೇಳು ಹೋಗು" ಎಂದುಬಿಟ್ಟೆ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಂಪಾಸ್ ಬಾಕ್ಸಿನಲ್ಲಿಟ್ಟುಕೊಂಡು ಹೋದಳು. ದಸರಾ ರಜೆಯ ನಂತರ ಅವಳು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಲವು ದಿನ ಗೈರು ಎಂದು ಹಾಕಿದೆ, ಆಮೇಲೆ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ. ಅವಳ ಮನೆಗೆ ನಾನು ಹೋಗಲಿಲ್ಲ. ಯಾರೂ ನನ್ನನ್ನು ಏಕೆಂದು ಕೇಳಲೂ ಇಲ್ಲ.

ಎಲಿಜಾ ಕಿಟಕಿಯಲ್ಲಿ ಮೋಂಬತ್ತಿ ಹಿಡಿಸಿದಳು. ಈ ಮಗು ಒಂದು ಇನ್‌ಲ್ಯಾಂಡ್ ಲೆಟರ್ ಹಿಡಿದು ಬಂದಿತ್ತು. ಕೊಲೆಗಾರನನ್ನು ಬಿಟ್ಟುಬಿಡಿ ಎಂದು ಇಬ್ಬರೂ ನ್ಯಾಯಾಧೀಶರನ್ನು ಕೇಳಿದ್ದಿಲ್ಲ. ಒಬ್ಬಳಿಗೆ ಅವನ ಹೊಟ್ಟೆ ತುಂಬಬೇಕಿತ್ತು, ಇನ್ನೊಬ್ಬಳಿಗೆ ಅವನಿಗೆ ಎರಡು ಸಾಲು ಬರೆಯಬೇಕಿತ್ತು. ವಾಟ್ಸನ್ ಕೊನೆಗೆ ಅವಳ ಅಳುವನ್ನು ಒಂದು ಸಾಲಿನಲ್ಲಾದರೂ ಬರೆದಿಟ್ಟ. ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದೆ.

ನಾಟಕವನ್ನು ನೀವೂ ಕೇಳಿ. ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ದನಿಗಳ ಆಟ ಸೊಗಸಾಗಿದೆ, ಭಯವೂ ಹಿತವಾಗಿದೆ. ಆ ರಾತ್ರಿಯ ಅಳು ಬಂದಾಗ ಮಾತ್ರ ಅತ್ತವಳು ಯಾರು ಎಂದು ತಿಳಿದ ಮೇಲೆಯೂ ಸ್ವಲ್ಪ ಹೊತ್ತು ಅವಳ ಜೊತೆ ಇರಿ. ಮೊನ್ನೆ ಅತ್ತೆ ಮತ್ತೆ ಕೇಳಿದರು, ಆ ಅಕ್ಕನ ಸುದ್ದಿ ಏನಾದರೂ ಸಿಕ್ಕಿತೇ ಎಂದು. ಇಲ್ಲ ಎಂದೆ. ಅವರು ಕೇಳಿದ್ದು ಎಲಿಜಾಳನ್ನು. ನನಗೆ ಕಂಡದ್ದು ಬಾಗಿಲಲ್ಲಿ ನಿಂತ, ಕೈಯಲ್ಲಿ ನೀಲಿ ಕಾಗದವಿದ್ದ ಎರಡು ಜಡೆಯ ಹುಡುಗಿ. ಈಗ ಅವಳಿಗೆ ನಲವತ್ತು ದಾಟಿರಬೇಕು.